ನರ, ಮಿದುಳು, ಸ್ನಾಯು ಪರೀಕ್ಷೆಗಳು: ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಎಲ್ಲಿ ಕೈಕೊಡುತ್ತದೆ

ಎನ್‌ಸಿಎಸ್ (ನರ್ವ್ ಕಂಡಕ್ಷನ್ ಸ್ಟಡಿ, ಅಂದರೆ ನರದಲ್ಲಿ ಸಂಕೇತ ಎಷ್ಟು ಚೆನ್ನಾಗಿ ಹರಿಯುತ್ತದೆಂದು ಅಳೆಯುವ ಪರೀಕ್ಷೆ) ವರದಿ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಕೊನೆಯಲ್ಲಿರುವ ‘ಇಂಪ್ರೆಷನ್’ ಅನ್ನುವ ಎರಡು ಸಾಲಿಗೆ. ಅದಕ್ಕೂ ಮೊದಲು ಹುಡುಕಬೇಕಾದ ಅಂಕಿ ಬೇರೆಯೇ ಇದೆ: ಪರೀಕ್ಷೆ ಮಾಡುವಾಗ ಕೈಕಾಲಿನ ಚರ್ಮ ಎಷ್ಟು ಬೆಚ್ಚಗಿತ್ತು? ಕೈ 32 ಡಿಗ್ರಿ ಸೆಲ್ಸಿಯಸ್‌ಗಿಂತ, ಕಾಲು ಸುಮಾರು 30 ಡಿಗ್ರಿಗಿಂತ ತಣ್ಣಗಿದ್ದರೆ ನರದಲ್ಲಿ ಸಂಕೇತ ನಿಧಾನವಾಗುತ್ತದೆ. ಒಂದು ಡಿಗ್ರಿ ಇಳಿದರೆ ವೇಗ ಸೆಕೆಂಡಿಗೆ ಒಂದೂವರೆಯಿಂದ ಎರಡೂವರೆ ಮೀಟರ್ ಕಮ್ಮಿಯಾಗುತ್ತದೆ. ಮಣಿಕಟ್ಟಿನಿಂದ ಸ್ನಾಯುವಿಗೆ ಸಂಕೇತ ತಲುಪುವ ಸಮಯ ಸುಮಾರು 0.2 ಮಿಲಿಸೆಕೆಂಡ್ ಹೆಚ್ಚುತ್ತದೆ. ಎಸಿ ಕೋಣೆಯಲ್ಲಿ ಕಾದು ಕುಳಿತವರ ಕೈ 28 ಡಿಗ್ರಿಗೆ ಇಳಿದಿರುವುದು ಅಪರೂಪವಲ್ಲ. ನಾಲ್ಕು ಡಿಗ್ರಿಗೆ ಎಂಟು ಮೀಟರ್ ಹೋಯಿತು ಅಂತಿಟ್ಟುಕೊಳ್ಳಿ, ಗಟ್ಟಿಮುಟ್ಟಾದ ನರವೂ ಕಾಗದದ ಮೇಲೆ ಕಾಯಿಲೆ ಬಿದ್ದದ್ದಾಗುತ್ತದೆ.

ನಿಜವಾದ ಕಾಯಿಲೆಗೂ ಚಳಿಗೂ ಒಂದು ವ್ಯತ್ಯಾಸವಿದೆ. ತಣ್ಣಗಿರುವ ನರದಲ್ಲಿ ವೇಗ ಇಳಿದರೂ ಪರದೆಯ ಮೇಲೆ ಮೂಡುವ ಅಲೆಯ ಎತ್ತರ ಕುಗ್ಗುವುದಿಲ್ಲ, ಬದಲಿಗೆ ಹಿಗ್ಗುತ್ತದೆ. ನಿಧಾನವೂ ಹೌದು, ಎತ್ತರವೂ ಹೌದು ಅನ್ನುವ ವರದಿ ಕಂಡರೆ ಕೈಯನ್ನು ಬಿಸಿನೀರಿನಲ್ಲಿ ಅದ್ದಿಸಿಯೋ ಹೀಟಿಂಗ್ ಪ್ಯಾಡ್ ಇಟ್ಟೋ ಮತ್ತೆ ಮಾಡಿಸಬೇಕು. ‘ಉಷ್ಣತೆಗೆ ತಕ್ಕಂತೆ ಲೆಕ್ಕ ಸರಿಪಡಿಸಿದ್ದೇವೆ’ ಎಂಬ ಸಮಜಾಯಿಷಿ ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಆ ಸೂತ್ರಗಳು ಆರೋಗ್ಯವಂತ ನರಕ್ಕೆ ಹೊಂದುತ್ತವೆ, ಕೆಟ್ಟ ನರಕ್ಕೆ ಹೊಂದಬೇಕೆಂದೇನಿಲ್ಲ.

ಈ ವಿಮರ್ಶೆಯಲ್ಲಿ ಯಂತ್ರಗಳ ಬ್ರ್ಯಾಂಡ್ ಬಗ್ಗೆ ಮಾತಿಲ್ಲ. ದುಬಾರಿ ಯಂತ್ರದಲ್ಲೂ ಹಾಳು ಪರೀಕ್ಷೆ ಮಾಡಬಹುದು, ಹಳೆಯದರಲ್ಲೂ ಅಚ್ಚುಕಟ್ಟಾಗಿ ಮಾಡಬಹುದು. ಚೀಟಿಯಲ್ಲಿ ಡಾಕ್ಟರು ಏನು ಪ್ರಶ್ನೆ ಬರೆದರು, ತೊಂದರೆ ಶುರುವಾಗಿ ಎಷ್ಟು ದಿನಕ್ಕೆ ಪರೀಕ್ಷೆಯಾಯಿತು, ಮಾಡಿದವರ ಕೈ ಎಷ್ಟು ಪಳಗಿತ್ತು ಎಂಬುದರ ಮೇಲೆಯೇ ವರದಿಯ ಬೆಲೆ ನಿಂತಿದೆ. ಪ್ರಶ್ನೆಯೇ ಇಲ್ಲದೆ ‘ಎನ್‌ಸಿಎಸ್ ನಾಲ್ಕೂ ಕೈಕಾಲು’ ಎಂದಷ್ಟೇ ಬರೆದ ಚೀಟಿಗೆ ಸಿಗುವ ಉತ್ತರವೂ ಹಾಗೆಯೇ ಇರುತ್ತದೆ.

ಎನ್‌ಸಿಎಸ್: ಕರೆಂಟ್ ಕೊಟ್ಟು ನೋಡುವ ಪರೀಕ್ಷೆ

ಮಾಡುವ ಕ್ರಮ ಸರಳ. ಸ್ನಾಯುವಿನ ಉಬ್ಬಿದ ಭಾಗದ ಮೇಲೆ ಒಂದು ಎಲೆಕ್ಟ್ರೋಡ್, ಅದರ ಸ್ನಾಯುರಜ್ಜುವಿನ ಮೇಲೆ ಇನ್ನೊಂದು, ನಡುವೆ ಗ್ರೌಂಡ್. ಎರಡು ತುದಿಯ ಸ್ಟಿಮ್ಯುಲೇಟರ್‌ನಿಂದ ನರದ ಮೇಲೆ 0.1ರಿಂದ 0.2 ಮಿಲಿಸೆಕೆಂಡಿನ ಚಿಕ್ಕ ಶಾಕ್. ಕರೆಂಟನ್ನು ಮೆಲ್ಲಗೆ ಏರಿಸುತ್ತಾ ಹೋದಂತೆ ಪರದೆಯ ಮೇಲಿನ ಅಲೆಯೂ ದೊಡ್ಡದಾಗುತ್ತದೆ. ಒಂದು ಹಂತದಲ್ಲಿ ಎಷ್ಟು ಏರಿಸಿದರೂ ಅಲೆ ಬೆಳೆಯುವುದಿಲ್ಲ. ಅಲ್ಲಿಂದ ಇನ್ನೂ 20 ಶೇಕಡಾ ಹೆಚ್ಚು ಕೊಟ್ಟು ಅದೇ ಅಲೆಯನ್ನು ದಾಖಲಿಸಬೇಕು. ರೋಗಿ ಮುಖ ಹಿಂಡಿದರೆಂದು ಕನಿಕರಪಟ್ಟು ಮೊದಲೇ ನಿಲ್ಲಿಸಿದರೆ ನರದ ಒಂದಷ್ಟು ತಂತುಗಳಿಗೆ ಶಾಕ್ ತಲುಪಿರುವುದೇ ಇಲ್ಲ. ಅಲೆ ಗಿಡ್ಡವಾಗಿ ಬರುತ್ತದೆ, ವರದಿಯಲ್ಲಿ ‘ಆಕ್ಸಾನ್ ಹಾನಿ’ (ನರದ ಎಳೆಗೇ ಪೆಟ್ಟು) ಎಂದು ಬೀಳುತ್ತದೆ. ಅತಿಯಾಗಿ ಏರಿಸಿದರೂ ಎಡವಟ್ಟೇ: ಕರೆಂಟು ಪಕ್ಕದ ನರಕ್ಕೆ ಹರಿದು ಅಲೆಯ ಆಕಾರವೇ ಬದಲಾಗುತ್ತದೆ. ಮಣಿಕಟ್ಟಿನಲ್ಲಿ ಮೀಡಿಯನ್ ಮತ್ತು ಅಲ್ನಾರ್ ನರಗಳು ಹತ್ತಿರವಿರುವುದರಿಂದ ಈ ತಪ್ಪು ಅಲ್ಲೇ ಹೆಚ್ಚು.

ಇನ್ನೂ ಸಣ್ಣ ತಪ್ಪುಗಳಿವೆ, ಪರಿಣಾಮ ಮಾತ್ರ ಸಣ್ಣದಲ್ಲ. ಸ್ಟಿಮ್ಯುಲೇಟರ್‌ನ ಕ್ಯಾಥೋಡ್ (ಋಣ) ತುದಿ ಎಲೆಕ್ಟ್ರೋಡ್ ಇರುವ ಕಡೆಗೆ ಮುಖ ಮಾಡಿರಬೇಕು. ತಿರುಗಿಸಿ ಹಿಡಿದರೆ ಎರಡು ತುದಿಗಳ ನಡುವಿನ ಎರಡು ಮೂರು ಸೆಂಟಿಮೀಟರ್ ಹೆಚ್ಚುವರಿ ದಾರಿಯಾಗಿ ಸೇರಿಕೊಂಡು ಸಮಯ ಸುಳ್ಳಾಗುತ್ತದೆ. ಸ್ನಾಯುವಿನ ಅಲೆ ಮೇಲಕ್ಕೆ ಏಳುವ ಮೊದಲು ಕೆಳಕ್ಕೊಂದು ತಗ್ಗು ಬಿದ್ದಿದ್ದರೆ ಎಲೆಕ್ಟ್ರೋಡ್ ಸರಿಯಾದ ಜಾಗದಲ್ಲಿಲ್ಲ ಎಂದರ್ಥ. ಸರಿಸಿ ಮತ್ತೆ ನೋಡಬೇಕು.

ಟೇಪಿನ ವಿಷಯವಂತೂ ಬಿಡಿಸಿ ಹೇಳಬೇಕು. ಮೊಣಕೈ ಬಳಿ ಅಲ್ನಾರ್ ನರ ಒತ್ತಿದೆಯೇ ಎಂದು ನೋಡಲು ಮೊಣಕೈಯ ಕೆಳಗೆ ಮತ್ತು ಮೇಲೆ ಎರಡು ಕಡೆ ಶಾಕ್ ಕೊಟ್ಟು ನಡುವಿನ ದೂರವನ್ನು ಸಮಯದ ವ್ಯತ್ಯಾಸದಿಂದ ಭಾಗಿಸುತ್ತಾರೆ. ದೂರ 10 ಸೆಂಟಿಮೀಟರ್, ಸಮಯ 1.8 ಮಿಲಿಸೆಕೆಂಡ್ ಆದರೆ ವೇಗ ಸೆಕೆಂಡಿಗೆ 55.6 ಮೀಟರ್, ಏನೂ ತೊಂದರೆಯಿಲ್ಲ. ಟೇಪು ಒಂದು ಸೆಂಟಿಮೀಟರ್ ಜಾರಿ 9 ಎಂದು ಬರೆದುಕೊಂಡರೆ 50ಕ್ಕೆ ಇಳಿಯುತ್ತದೆ. ಅದೇ ನರವನ್ನು 5 ಸೆಂಟಿಮೀಟರ್ ಅಂತರದಲ್ಲಿ ಅಳೆದು ಅದೇ ಒಂದು ಸೆಂಟಿಮೀಟರ್ ತಪ್ಪಿದರೆ ವೇಗ 44ಕ್ಕೆ ಬಿದ್ದು ಶಸ್ತ್ರಚಿಕಿತ್ಸೆಯ ಮಾತು ಶುರುವಾಗಬಹುದು. ಅದಕ್ಕೇ ಸುಮಾರು 10 ಸೆಂಟಿಮೀಟರ್ ಅಂತರ ಇಡುವುದು. ಮೊಣಕೈ 70ರಿಂದ 90 ಡಿಗ್ರಿ ಮಡಚಿರಬೇಕು. ನೀಟಾಗಿ ಚಾಚಿದ್ದರೆ ಒಳಗೆ ನರ ಸಡಿಲವಾಗಿ ಬಳುಕಿರುತ್ತದೆ, ಚರ್ಮದ ಮೇಲಿನ ಅಳತೆ ನಿಜ ಉದ್ದಕ್ಕಿಂತ ಕಮ್ಮಿ ಬರುತ್ತದೆ, ವೇಗ ಸುಮ್ಮನೆ ಇಳಿದಂತೆ ಕಾಣುತ್ತದೆ. ವರದಿಯಲ್ಲಿ ಮೊಣಕೈಯ ಭಂಗಿ ಬರೆದಿದ್ದರೆ ಅಂಥ ಲ್ಯಾಬ್ ಮೇಲೆ ನಂಬಿಕೆ ಇಡಬಹುದು.

ಓದುವಾಗ ದೊಡ್ಡವರಿಗೆ ಒಂದು ದಾರಿಗುರುತು: ಕೈಯ ನರಗಳಲ್ಲಿ ವೇಗ 50, ಕಾಲಿನಲ್ಲಿ 40 ಮೀಟರ್‌ಗಿಂತ ಮೇಲಿರಬೇಕು. ಎತ್ತರ ಕುಗ್ಗಿ ವೇಗ ಹೆಚ್ಚುಕಮ್ಮಿ ಉಳಿದಿದ್ದರೆ ತೊಂದರೆ ನರದ ಎಳೆಯಲ್ಲಿ, ಅಂದರೆ ಆಕ್ಸಾನ್‌ನಲ್ಲಿ. ವೇಗ ತೀರಾ ಬಿದ್ದಿದ್ದರೆ ಅದರ ಮೇಲಿನ ಮಯಲಿನ್ ಹೊದಿಕೆಯಲ್ಲಿ. ಚಿಕಿತ್ಸೆಗೆ ಈ ವಿಂಗಡಣೆಯೇ ದೊಡ್ಡದು, ಏಕೆಂದರೆ ಹೊದಿಕೆಯ ಕಾಯಿಲೆಗಳಲ್ಲಿ ಕೆಲವು ಮದ್ದಿಗೆ ಚೆನ್ನಾಗಿ ಬಗ್ಗುತ್ತವೆ. ಅಂದಹಾಗೆ, ವಯಸ್ಸಾದವರಲ್ಲಿ ಕಣಕಾಲಿನ ಹಿಂದಿನ ಸೂರಲ್ ನರದ ಅಲೆ ಸಿಗದಿರುವುದು ಕಾಯಿಲೆಯೇ ಆಗಬೇಕಿಲ್ಲ. ಪಾದ ಊದಿಕೊಂಡಿದ್ದರೂ ಆ ಅಲೆ ಕುಗ್ಗುತ್ತದೆ.

ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಂಡು ರಾತ್ರಿ ಬೆರಳು ಜೋಮು ಹಿಡಿಯುವ ಕಾರ್ಪಲ್ ಟನಲ್ ತೊಂದರೆಗೆ ಎನ್‌ಸಿಎಸ್‌ಗೆ ಪೂರ್ಣ ಅಂಕ ಕೊಡಬಹುದು. ಆದರೆ ಮೀಡಿಯನ್ ನರದ ಸಂಖ್ಯೆಯನ್ನು ಒಂಟಿಯಾಗಿ ನೋಡಿದರೆ ಸಾಲದು. ಅಂಗೈಯಿಂದ ಮಣಿಕಟ್ಟಿಗೆ 8 ಸೆಂಟಿಮೀಟರ್ ದೂರದಲ್ಲಿ ಮೀಡಿಯನ್ ಮತ್ತು ಅಲ್ನಾರ್ ಎರಡನ್ನೂ ಅಳೆದು ಹೋಲಿಸಬೇಕು. ಅದೇ ಕೈ, ಅದೇ ಚಳಿ, ಅದೇ ವಯಸ್ಸು, ಹಾಗಾಗಿ ಹೊರಗಿನ ಏರುಪೇರು ತಾನಾಗಿಯೇ ವಜಾ ಆಗುತ್ತದೆ. 0.4 ಮಿಲಿಸೆಕೆಂಡ್ ಅಥವಾ ಹೆಚ್ಚಿನ ವ್ಯತ್ಯಾಸವಿದ್ದರೆ ಒತ್ತಡವಿದೆ ಎನ್ನಬಹುದು.

ಎಲ್ಲಿ ಕೈಕೊಡುತ್ತದೆ? ಅಂಗಾಲು ಉರಿ, ಸೂಜಿ ಚುಚ್ಚಿದ ಹಾಗೆ ನೋವು, ಆದರೆ ಎನ್‌ಸಿಎಸ್ ನಾರ್ಮಲ್, ‘ನಿಮಗೇನೂ ಇಲ್ಲ, ಎಲ್ಲ ಮನಸ್ಸಿನದು’ ಎಂದು ಕಳಿಸಿಬಿಡುವುದು ಬಹಳ ಕಡೆ ನಡೆಯುವ ಅನ್ಯಾಯ. ಈ ಪರೀಕ್ಷೆ ಅಳೆಯುವುದು ದಪ್ಪ ತಂತುಗಳನ್ನು ಮಾತ್ರ. ನೋವು, ಬಿಸಿ, ತಂಪು ಒಯ್ಯುವ ಸಣ್ಣ ತಂತುಗಳು ಇದರ ಕಣ್ಣಿಗೇ ಬೀಳುವುದಿಲ್ಲ. ಅವನ್ನು ನೋಡಲು ಹೊರಗಣಕಾಲಿನ ಗಂಟಿನಿಂದ 10 ಸೆಂಟಿಮೀಟರ್ ಮೇಲೆ 3 ಮಿಲಿಮೀಟರ್ ಅಗಲದ ಚರ್ಮದ ಚೂರು ತೆಗೆದು, ಮೇಲ್ಪದರದಲ್ಲಿರುವ ನರ ಎಳೆಗಳನ್ನು ಎಣಿಸಬೇಕಾಗುತ್ತದೆ. ಹೊಲಿಗೆ ಬೇಕಿಲ್ಲದಷ್ಟು ಚಿಕ್ಕ ಗಾಯ, ಆದರೆ ಆ ಎಣಿಕೆ ಮಾಡಬಲ್ಲ ಲ್ಯಾಬ್‌ಗಳು ಕಡಿಮೆ.

ಸೊಂಟದಿಂದ ಕಾಲಿಗೆ ಇಳಿಯುವ ನೋವಿನಲ್ಲೂ ಇದೇ ಗೊಂದಲ. ಬೆನ್ನುಮೂಳೆಯ ಬಳಿ ನರಬೇರು ಒತ್ತಿದ್ದರೂ ಕಾಲಿನ ಸ್ಪರ್ಶ ನರಗಳ ಅಲೆ ಸೊಗಸಾಗಿಯೇ ಬರುತ್ತದೆ. ಕಾರಣ, ಆ ನರಗಳ ಜೀವಕೋಶ ಒತ್ತಡವಿರುವ ಜಾಗಕ್ಕಿಂತ ಹೊರಗಿದೆ. ಅಲ್ಲಿಂದ ಪಾದದವರೆಗಿನ ಎಳೆಗೆ ಏನೂ ಆಗಿರುವುದಿಲ್ಲ. ಸ್ಪರ್ಶ ಹೋಗಿದೆ, ಆದರೆ ಸ್ಪರ್ಶ ನರದ ಅಲೆ ಸರಿಯಿದೆ ಎಂದರೆ ತೊಂದರೆ ಬೇರಿನಲ್ಲೋ ಇನ್ನೂ ಮೇಲೋ ಇದೆ ಎಂಬ ಸುಳಿವು. ಬೇರನ್ನು ಹಿಡಿಯಲು ಸೂಜಿ ಪರೀಕ್ಷೆಯೇ ಬೇಕು.

ಯಾವಾಗ ಮಾಡಿಸಬೇಕು

ಏಟು ಬಿದ್ದು ನರ ಕತ್ತರಿಸಿಹೋದರೂ ಮೊದಲ ದಿನಗಳಲ್ಲಿ ಏಟಿನ ಕೆಳಗಿನ ತುಂಡು ಕರೆಂಟಿಗೆ ಸರಿಯಾಗಿಯೇ ಸ್ಪಂದಿಸುತ್ತದೆ. ಸ್ನಾಯು ನರದ ಪ್ರತಿಕ್ರಿಯೆ ಸತ್ತುಹೋಗಲು ಸುಮಾರು ಒಂದು ವಾರ, ಸ್ಪರ್ಶ ನರದ್ದಕ್ಕೆ ಹತ್ತು ಹನ್ನೊಂದು ದಿನ ಬೇಕು. ನರ ಕಳೆದುಕೊಂಡ ಸ್ನಾಯುವಿನಲ್ಲಿ ಸೂಜಿಗೆ ಸಿಗುವ ಗುರುತುಗಳು ಮೂಡಲು ಎರಡರಿಂದ ನಾಲ್ಕು ವಾರ. ಹಾಗಾಗಿ ಗಾಯವಾದ ಐದನೆಯ ದಿನದ ‘ನಾರ್ಮಲ್’ ಎಂಬ ವರದಿಗೆ ಕಿಮ್ಮತ್ತಿಲ್ಲ. ಒಂದೇ ಸಲ ಮಾಡಿಸುವುದಿದ್ದರೆ ಮೂರು ವಾರ ದಾಟಿದ ಮೇಲೆ ಮಾಡಿಸಿ. ಮುಖದ ಒಂದು ಬದಿ ಸೊಟ್ಟಗಾದಾಗ ಮಾಡುವ ಪರೀಕ್ಷೆಗೂ ದಿನಗಣನೆ ಮುಖ್ಯ. ಮೊದಲೆರಡು ದಿನದಲ್ಲಿ ಮಾಡಿಸಿದರೆ ಎಷ್ಟು ಚೇತರಿಸಿಕೊಳ್ಳುತ್ತದೆಂದು ಹೇಳಲಾಗದು.

ಗಿಲ್ಲೆನ್ ಬಾರೆ ಸಿಂಡ್ರೋಮ್ ಇದಕ್ಕೆ ಅಪವಾದ. ದಿನದಿಂದ ದಿನಕ್ಕೆ ಕಾಲು ಸೋಲುತ್ತಾ ಮೇಲೇರುವ ಈ ಕಾಯಿಲೆಯಲ್ಲಿ ಕಾಯುತ್ತಾ ಕೂರುವಂತಿಲ್ಲ, ಉಸಿರಾಟಕ್ಕೇ ಕುತ್ತು ಬರಬಹುದು. ಮೊದಲ ವಾರದಲ್ಲಿ ವೇಗ, ಎತ್ತರ ಎರಡೂ ಸರಿಯಿರುವ ಸಾಧ್ಯತೆಯಿದೆ. ಎಫ್ ಅಲೆ (ಶಾಕ್ ಬೆನ್ನುಹುರಿಯವರೆಗೆ ಹೋಗಿ ಸ್ನಾಯುವಿಗೆ ಮರಳಿದಾಗ ಬರುವ ಅಲೆ) ತಡವಾಗುವುದು ಅಥವಾ ಕಾಣೆಯಾಗುವುದು, ಎಚ್ ರಿಫ್ಲೆಕ್ಸ್ (ಸ್ಪರ್ಶ ನರದಿಂದ ಬೆನ್ನುಹುರಿಗೆ ಹೋಗಿ ಸ್ನಾಯುವಿಗೆ ಮರಳುವ ಸಂಕೇತ) ಸಿಗದಿರುವುದು ಆಗ ಸಿಗುವ ಆರಂಭದ ಸುಳಿವು. ಎಫ್ ಅಲೆಯನ್ನೇ ನೋಡದೆ ಬರೆದ ವರದಿ ಈ ಕಾಯಿಲೆಗೆ ಅಪೂರ್ಣ. ಚಿಕಿತ್ಸೆ ಡಾಕ್ಟರು ಕೈಕಾಲು ನೋಡಿ ಶುರುಮಾಡುತ್ತಾರೆ, ಪರೀಕ್ಷೆಯನ್ನು ಒಂದೆರಡು ವಾರ ಬಿಟ್ಟು ಮತ್ತೆ ಮಾಡಬಹುದು.

ಇಎಮ್‌ಜಿ: ಸೂಜಿ ಪರೀಕ್ಷೆ

ನೋವಾಗುತ್ತದೆ ಎಂಬ ಕಾರಣಕ್ಕೇ ಇದನ್ನು ಬಿಟ್ಟು ಬರೀ ಎನ್‌ಸಿಎಸ್ ಮಾಡಿ ಕಳಿಸುವವರಿದ್ದಾರೆ. ಸ್ನಾಯು ಕಾಯಿಲೆ, ನರಬೇರಿನ ಕಾಯಿಲೆ, ಸ್ನಾಯುಗಳನ್ನು ನಡೆಸುವ ನರಕೋಶಗಳೇ ಸಾಯುವ ಮೋಟಾರ್ ನ್ಯೂರಾನ್ ಕಾಯಿಲೆ ಇವುಗಳ ಪ್ರಶ್ನೆಗೆ ಸೂಜಿ ಇಲ್ಲದ ಪರೀಕ್ಷೆ ಅರ್ಧ ಪರೀಕ್ಷೆ. ತೆಳುವಾದ ಸೂಜಿಯನ್ನು ಸ್ನಾಯುವಿನೊಳಗೆ ಇಳಿಸಿ ಮೂರು ಹಂತದಲ್ಲಿ ಕೇಳಿಸಿಕೊಳ್ಳುತ್ತಾರೆ, ಹೌದು, ಪರದೆ ನೋಡುವಷ್ಟೇ ಸ್ಪೀಕರ್ ಕೇಳುವುದೂ ಇದರಲ್ಲಿ ಕೆಲಸ. ಸೂಜಿ ಇಳಿಸಿದ ಕ್ಷಣ, ಸ್ನಾಯು ಪೂರ್ತಿ ಸಡಿಲಬಿಟ್ಟಾಗ, ಆಮೇಲೆ ಮೆಲ್ಲಗೆ ಬಿಗಿದು ಜೋರು ಮಾಡುತ್ತಾ ಹೋದಾಗ. ನರದ ಸಂಪರ್ಕ ಕಳೆದುಕೊಂಡ ಸ್ನಾಯು ಸುಮ್ಮನಿರುವಾಗಲೂ ತಗಡಿನ ಮಾಡಿನ ಮೇಲೆ ಹನಿ ಬಿದ್ದ ಹಾಗೆ ಟಪ್ ಟಪ್ ಎಂದು ಒಂದೇ ಲಯದಲ್ಲಿ ಸದ್ದು ಮಾಡುತ್ತದೆ. ಫಿಬ್ರಿಲೇಶನ್ ಎನ್ನುವುದು ಇದಕ್ಕೆ. ನಿಯತವಾದ ಆ ಲಯವೇ ಗುರುತು. ಲಯ ತಪ್ಪಿದ ಸದ್ದಾದರೆ ಸೂಜಿ ನರ-ಸ್ನಾಯು ಕೂಡುವ ಜಾಗಕ್ಕೆ ತಾಗಿರಬಹುದು. ಅನುಭವವಿಲ್ಲದ ಕೈ ಅದನ್ನೇ ಕಾಯಿಲೆ ಎಂದು ಬರೆದುಬಿಡುತ್ತದೆ.

ಬಿಗಿದಾಗ ಕಾಣುವ ಅಲೆಗಳು ದೊಡ್ಡವು, ಅಗಲವಾದವು, ಸಂಖ್ಯೆಯಲ್ಲಿ ಕಡಿಮೆ, ಆದರೆ ಒಂದೊಂದೂ ವೇಗವಾಗಿ ಬಡಿಯುತ್ತಿದ್ದರೆ ಹಳೆಯ ನರಹಾನಿ. ಚಿಕ್ಕವು, ಗಿಡ್ಡವು, ಸ್ವಲ್ಪ ಬಲಕ್ಕೇ ಪರದೆ ತುಂಬಿಹೋಯಿತು ಎಂದರೆ ಸ್ನಾಯುವಿನ ಕಾಯಿಲೆ. ಅಲೆಗಳು ಕಡಿಮೆ, ಬಡಿತವೂ ನಿಧಾನ ಎಂದಾದರೆ ಎಚ್ಚರ: ನೋವಿಗೆ ಹೆದರಿ ರೋಗಿ ಬಲ ಹಾಕುತ್ತಿಲ್ಲ, ಇಲ್ಲವೇ ತೊಂದರೆ ಮಿದುಳು ಅಥವಾ ಬೆನ್ನುಹುರಿಯಲ್ಲಿದೆ. ಇದನ್ನು ‘ನರಹಾನಿ’ ಎಂದು ಬರೆಯುವಂತಿಲ್ಲ.

ನರಬೇರಿನ ಶಂಕೆಗೆ ಬೆನ್ನಿನ ಪಕ್ಕದ ಸ್ನಾಯುವನ್ನೂ ಸೇರಿಸಿ ಆರು ಸ್ನಾಯುಗಳನ್ನಾದರೂ ನೋಡಬೇಕು. ಎರಡು ಸ್ನಾಯು ಚುಚ್ಚಿ ‘ಇಲ್ಲ’ ಎನ್ನುವ ವರದಿಯನ್ನು ಪಕ್ಕಕ್ಕಿಡಿ. ಮೋಟಾರ್ ನ್ಯೂರಾನ್ ಕಾಯಿಲೆಯ ಪ್ರಶ್ನೆಯಿದ್ದರೆ ಮುಖ ಅಥವಾ ನಾಲಿಗೆ, ಕೈ, ಬೆನ್ನಿನ ನಡುಭಾಗ, ಕಾಲು ಹೀಗೆ ಬೇರೆ ಬೇರೆ ವಲಯಗಳಿಗೆ ಸೂಜಿ ಹೋಗಿರಬೇಕು. ಸೂಜಿಗೆ ಸುಳಿವೇ ಸಿಗದ ತದ್ವಿರುದ್ಧ ಉದಾಹರಣೆ ಸ್ಟೆರಾಯ್ಡ್ ಮಾತ್ರೆಗಳಿಂದ ತೊಡೆ, ಭುಜ ಸೋಲುವುದು: ಅಲ್ಲಿ ಇಎಮ್‌ಜಿ ಸಾಮಾನ್ಯವಾಗಿ ಸರಿಯೇ ಬರುತ್ತದೆ, ಸಿಪಿಕೆಯೂ (ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಂಜೈಮ್) ಸರಿಯೇ ಇರುತ್ತದೆ.

ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ, ಪೇಸ್‌ಮೇಕರ್ ಇದ್ದರೆ ಮುಂಚೆಯೇ ಹೇಳಿ. ಹೆಚ್ಚಿನ ಸಂದರ್ಭಗಳಲ್ಲಿ ಪರೀಕ್ಷೆ ನಿಲ್ಲುವುದಿಲ್ಲ, ಆಳದ ಸ್ನಾಯುಗಳನ್ನು ಬಿಟ್ಟು, ಚುಚ್ಚಿದ ಜಾಗವನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯುತ್ತಾರೆ. ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಿಕೊಂಡು ಬರಬೇಡಿ. ಕೈಕಾಲಿಗೆ ಕ್ರೀಮು, ಎಣ್ಣೆ ಹಚ್ಚಿಕೊಂಡು ಬರುವುದೂ ಬೇಡ, ಎಲೆಕ್ಟ್ರೋಡ್ ಕೂರುವುದಿಲ್ಲ.

ಮಯಸ್ತೇನಿಯಾಕ್ಕೆ ಆರ್‌ಎನ್‌ಎಸ್

ಸಂಜೆಯ ಹೊತ್ತಿಗೆ ರೆಪ್ಪೆ ಇಳಿಯುವುದು, ಒಂದು ಎರಡಾಗಿ ಕಾಣುವುದು, ಅಗಿಯುತ್ತಾ ಹೋದಂತೆ ದವಡೆ ಸೋಲುವುದು ಇದ್ದರೆ ನರದಿಂದ ಸ್ನಾಯುವಿಗೆ ಸಂಕೇತ ಸರಿಯಾಗಿ ದಾಟದ ಮಯಸ್ತೇನಿಯಾದ ಶಂಕೆ, ಅದಕ್ಕೆ ಸಾಮಾನ್ಯ ಎನ್‌ಸಿಎಸ್ ಮಾಡಿ ಪ್ರಯೋಜನವಿಲ್ಲ. ಶಾಕನ್ನು ಮತ್ತೆ ಮತ್ತೆ ಕೊಡುವ ಆರ್‌ಎನ್‌ಎಸ್ ಬೇಕು: ನರಕ್ಕೆ ಸೆಕೆಂಡಿಗೆ ಎರಡು ಮೂರು ಸಲದಂತೆ ಶಾಕ್ ಕೊಟ್ಟು, ಮೊದಲ ಅಲೆಗಿಂತ ನಾಲ್ಕನೆಯದೋ ಐದನೆಯದೋ 10 ಶೇಕಡಾಕ್ಕಿಂತ ಹೆಚ್ಚು ಕುಗ್ಗಿದೆಯೇ ನೋಡಬೇಕು. ಬೆರಳಿನ ಸ್ನಾಯುವೊಂದನ್ನೇ ನೋಡಿದರೆ ತಪ್ಪಿಹೋಗುವ ಸಾಧ್ಯತೆ ಹೆಚ್ಚು. ಮುಖದ್ದು, ಹೆಗಲಿನದ್ದು ಸೇರಿಸಬೇಕು. ಈ ಕಾಯಿಲೆಗೆ ಕೊಡುವ ಪಿರಿಡೊಸ್ಟಿಗ್ಮಿನ್ ಮಾತ್ರೆಯನ್ನು, ಡಾಕ್ಟರು ಒಪ್ಪಿದರೆ, 12 ಗಂಟೆ ಮೊದಲು ನಿಲ್ಲಿಸಬೇಕು. ಇಲ್ಲೂ ಚಳಿಯೇ ಶತ್ರು: ತಣ್ಣಗಿನ ಸ್ನಾಯುವಿನಲ್ಲಿ ಕುಗ್ಗುವಿಕೆ ಮುಚ್ಚಿಹೋಗುತ್ತದೆ. ಇದೇ ಗುಣವನ್ನು ತಿರುಗಿಸಿ ಬಳಸುವ ಪುಟ್ಟ ಪರೀಕ್ಷೆಯೊಂದಿದೆ. ಇಳಿದ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಪ್ಯಾಕ್ ಇಟ್ಟು ತೆಗೆದಾಗ ರೆಪ್ಪೆ 2 ಮಿಲಿಮೀಟರ್ ಅಥವಾ ಹೆಚ್ಚು ಮೇಲೆದ್ದರೆ ಶಂಕೆ ಬಲವಾಗುತ್ತದೆ. ಯಂತ್ರ ಬೇಡ, ಅಡ್ಡಪರಿಣಾಮ ಇಲ್ಲ. ನಮಗೆ ಬಹಳ ಇಷ್ಟವಾದ ಪರೀಕ್ಷೆ.

ಕಾಯಿಲೆ ಕಣ್ಣಿಗಷ್ಟೇ ಸೀಮಿತವಾದವರಲ್ಲಿ ಆರ್‌ಎನ್‌ಎಸ್ ಅರ್ಧಕ್ಕರ್ಧ ಮಂದಿಯಲ್ಲಿ ನಾರ್ಮಲ್ ಬಂದುಬಿಡುತ್ತದೆ. ರಕ್ತದಲ್ಲಿ ನೋಡುವ ಅಸೆಟೈಲ್‌ಕೋಲೀನ್ ರಿಸೆಪ್ಟರ್ ಆಂಟಿಬಾಡಿಯೂ ಅವರಲ್ಲಿ ಅರ್ಧದಷ್ಟು ಜನರಲ್ಲೇ ಸಿಗುವುದು, ಮೈಯೆಲ್ಲ ಹರಡಿದವರಲ್ಲಾದರೆ ಸುಮಾರು 85 ಶೇಕಡಾ. ಎರಡೂ ಕೈಕೊಟ್ಟಾಗ ಸ್ನಾಯುವಿನ ಒಂದೊಂದೇ ಎಳೆಯನ್ನು ಕೇಳುವ ಸಿಂಗಲ್ ಫೈಬರ್ ಇಎಮ್‌ಜಿ. ಸೂಕ್ಷ್ಮತೆಯಲ್ಲಿ ಅದನ್ನು ಮೀರಿಸುವ ಪರೀಕ್ಷೆಯಿಲ್ಲ, ಆದರೆ ಬೇರೆ ನರ-ಸ್ನಾಯು ಕಾಯಿಲೆಗಳಲ್ಲೂ ಅದು ಅಸಹಜ ಬರುತ್ತದೆ.

ಇಇಜಿ: ಅತಿಯಾಗಿ ನಂಬಿದ ಪರೀಕ್ಷೆ

ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯ ಮೇಲಿಂದ ಮೊದಲ ಸಲ ಮಿದುಳಿನ ವಿದ್ಯುತ್ ಅಲೆ ಹಿಡಿದು 1929ರಲ್ಲಿ ಪ್ರಕಟಿಸಿದ. ಇಷ್ಟು ವರ್ಷವಾದರೂ ಈ ಪರೀಕ್ಷೆಯ ಬಗೆಗಿನ ದೊಡ್ಡ ತಪ್ಪು ತಿಳಿವಳಿಕೆ ಹೋಗಿಲ್ಲ: ಫಿಟ್ಸ್ ಇದೆಯೋ ಇಲ್ಲವೋ ಇದೊಂದೇ ಹೇಳಿಬಿಡುತ್ತದೆ ಎಂದು. ಅಪಸ್ಮಾರ ಇರುವವರಲ್ಲೂ ಮೊದಲ ಇಇಜಿ ಸುಮಾರು ಅರ್ಧದಷ್ಟು ಜನರಲ್ಲಿ ಏನೂ ತೋರಿಸುವುದಿಲ್ಲ. ಮತ್ತೆ ಮತ್ತೆ ಮಾಡಿದಾಗ, ನಿದ್ದೆಯನ್ನೂ ದಾಖಲಿಸಿದಾಗ ಸಿಗುವ ಪ್ರಮಾಣ ಏರುತ್ತದೆ. ಇನ್ನೊಂದು ಕಡೆ, ಯಾವತ್ತೂ ಫಿಟ್ಸ್ ಬಾರದ ಕೆಲವೇ ಮಂದಿಯಲ್ಲಿ ಚೂಪು ಅಲೆಗಳು ಕಾಣಿಸಿಕೊಳ್ಳುವುದೂ ಉಂಟು. ತಲೆನೋವಿಗೆ, ಒಂದು ಸಲ ತಲೆಸುತ್ತಿ ಬಿದ್ದದ್ದಕ್ಕೆ ಇಇಜಿ ಮಾಡಿಸಿ, ಅದರಲ್ಲಿನ ಎರಡು ಚೂಪು ಅಲೆಗೆ ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗಿಸುವುದು ಈ ಪರೀಕ್ಷೆಯಿಂದಾಗುವ ನಿಜವಾದ ಅಪಾಯ. ಬಿದ್ದದ್ದನ್ನು ಕಣ್ಣಾರೆ ಕಂಡವರ ಮಾತು, ಮೊಬೈಲ್‌ನಲ್ಲಿ ಹಿಡಿದ ವಿಡಿಯೊ ಅನೇಕ ಸಲ ಇಇಜಿಗಿಂತ ತೂಕದ್ದು.

ಮಾಡಿಸುವುದಾದರೆ ಸರಿಯಾಗಿ ಮಾಡಿಸಿ. ತಲೆ ಶ್ಯಾಂಪೂ ಹಾಕಿ ತೊಳೆದಿರಬೇಕು, ಎಣ್ಣೆ, ಜೆಲ್ ಬೇಡ. ಊಟ ಬಿಟ್ಟು ಬರಬಾರದು, ಸಕ್ಕರೆ ಇಳಿದರೆ ಅಲೆಗಳು ನಿಧಾನವಾಗುತ್ತವೆ. ಫಿಟ್ಸ್ ಮಾತ್ರೆ ಹೇಳದ ಹೊರತು ತಪ್ಪಿಸಬಾರದು. 10-20 ಪದ್ಧತಿಯಲ್ಲಿ (ತಲೆಯ ಅಳತೆಯ ಶೇಕಡಾ 10, 20ರ ಅಂತರಗಳಲ್ಲಿ) ಟೇಪಿನಿಂದ ತಲೆ ಅಳೆದು 21 ಎಲೆಕ್ಟ್ರೋಡ್ ಕೂರಿಸುತ್ತಾರೆ. ಅಳೆಯದೆ ಕಣ್ಣಂದಾಜಿನಲ್ಲಿ ಅಂಟಿಸಿದರೆ ಎಡಬಲ ಹೋಲಿಕೆಯೇ ಕೆಟ್ಟಿತು. ಒಂದೊಂದು ಎಲೆಕ್ಟ್ರೋಡಿನ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 5 ಕಿಲೋ ಓಮ್ ಒಳಗಿದ್ದರೆ ಒಳ್ಳೆಯದು, ಅದಕ್ಕಿಂತ ಮುಖ್ಯವಾಗಿ ಎಲ್ಲವೂ ಆಸುಪಾಸಿನಲ್ಲಿರಬೇಕು. ಒಂದು 2, ಇನ್ನೊಂದು 15 ಆದರೆ ಗೋಡೆಯ ಕರೆಂಟಿನ ಗದ್ದಲವೆಲ್ಲ ಒಳಗೆ ನುಗ್ಗುತ್ತದೆ. ದಾಖಲೆ ಕಡೇಪಕ್ಷ 20 ನಿಮಿಷ ಶುದ್ಧವಾಗಿರಬೇಕು. ಮೂರು ನಿಮಿಷ ಜೋರಾಗಿ ಉಸಿರಾಡಿಸುವುದು, ಮಿನುಗುವ ಬೆಳಕು ತೋರಿಸುವುದು ಎರಡನ್ನೂ ಬಿಡುವಂತಿಲ್ಲ. ಮಾತಿನ ನಡುವೆ ಕೆಲವು ಸೆಕೆಂಡು ಶೂನ್ಯದೃಷ್ಟಿಯಲ್ಲಿ ಕುಳಿತುಬಿಡುವ ಮಕ್ಕಳಲ್ಲಿ ಆ ಉಸಿರಾಟದ ಹೊತ್ತಿಗೇ ಸೆಕೆಂಡಿಗೆ ಮೂರರಂತೆ ಸ್ಪೈಕ್-ಅಲೆ ಜೋಡಿ ಸಾಲುಗಟ್ಟಿ ಬಂದು ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ. ಇಇಜಿ ಹೊಳೆಯುವುದು ಅಲ್ಲಿ. ಇತ್ತೀಚೆಗೆ ಪಾರ್ಶ್ವವಾಯು ಆದವರಿಗೆ, ಹೃದಯ ಅಥವಾ ಶ್ವಾಸಕೋಶದ ತೀವ್ರ ಕಾಯಿಲೆ ಇರುವವರಿಗೆ ಮಾತ್ರ ಆ ಜೋರು ಉಸಿರಾಟ ಮಾಡಿಸಬಾರದು.

ಫಿಟ್ಸ್ ನಿಂತಮೇಲೂ ಎಚ್ಚರ ತಿಳಿಯದೆ ಮಲಗಿರುವ ರೋಗಿಯಲ್ಲಿ ಒಳಗೊಳಗೇ ಫಿಟ್ಸ್ ನಡೆಯುತ್ತಿದೆಯೇ ಎಂದು ತಿಳಿಯಲು ಇಇಜಿ ಬಿಟ್ಟು ಬೇರೆ ದಾರಿಯಿಲ್ಲ. ಅಲ್ಲಿ ಇದಕ್ಕೆ ಪೂರ್ಣ ಅಂಕ.

ಸ್ಕ್ಯಾನ್‌ಗಳು

ಸಿಟಿಗೆ ವೇಗವೇ ಬಲ. ಮಿದುಳಿನಲ್ಲಿ ರಕ್ತಸ್ರಾವ ಆಗಿದೆಯೇ ಎಂಬುದು ಕೆಲವೇ ನಿಮಿಷದಲ್ಲಿ ತಿಳಿಯುತ್ತದೆ. ರಕ್ತನಾಳ ಕಟ್ಟಿದ ಪಾರ್ಶ್ವವಾಯುವಿನ ಮೊದಲ ಗಂಟೆಗಳಲ್ಲಿ ಸಿಟಿ ಸರಿಯಾಗಿಯೇ ಕಾಣಬಹುದು, ಅದರರ್ಥ ಪಾರ್ಶ್ವವಾಯು ಅಲ್ಲ ಎಂದಲ್ಲ. ಎಂಆರ್‌ಐಯ ಡಿಫ್ಯೂಷನ್ ಚಿತ್ರದಲ್ಲಿ ಅದು ಬಹು ಬೇಗ ಬೆಳಗುತ್ತದೆ.

ಎಂಆರ್‌ಐ ಮಾಡಿಸುವಾಗ ಟೆಸ್ಲಾ (ಅಯಸ್ಕಾಂತದ ಬಲ) ಎಷ್ಟು ಎಂದು ಕೇಳುವವರು ಬಹಳ, ಯಾವ ಪ್ರೋಟೋಕಾಲ್, ಅಂದರೆ ಯಾವ ಯಾವ ಬಗೆಯ ಚಿತ್ರ ತೆಗೆಯುತ್ತಾರೆ ಎಂದು ಕೇಳುವವರು ಕಡಿಮೆ. ಫಿಟ್ಸ್ ಪ್ರಶ್ನೆಗೆ ಸಾಧಾರಣ ಮಿದುಳಿನ ಎಂಆರ್‌ಐ ಸಾಲದು: ಒಂದು ಮಿಲಿಮೀಟರ್ ದಪ್ಪದ 3ಡಿ ಟಿ1, 3ಡಿ ಫ್ಲೇರ್, ಹಿಪೊಕ್ಯಾಂಪಸ್‌ಗೆ (ಮಿದುಳಿನ ನೆನಪಿನ ಭಾಗ) ಲಂಬವಾಗಿ ಕತ್ತರಿಸಿದ ಕೊರೊನಲ್ ಟಿ2 ಇರಬೇಕು. ಇವಿಲ್ಲದ 3 ಟೆಸ್ಲಾಗಿಂತ ಇವಿರುವ 1.5 ಟೆಸ್ಲಾ ಎಷ್ಟೋ ವಾಸಿ.

ತಪ್ಪು ಜಾಗದ ಸ್ಕ್ಯಾನ್ ಇನ್ನೊಂದು ದೊಡ್ಡ ದಂಡ. ಎರಡೂ ಕಾಲು ಸೆಡೆತು ಸೋತಿದೆ, ಮೂತ್ರದ ಹಿಡಿತ ತಪ್ಪಿದೆ, ಚೀಟಿಯಲ್ಲಿ ‘ಸೊಂಟದ ಎಂಆರ್‌ಐ’. ಬೆನ್ನುಹುರಿ ಮುಗಿಯುವುದೇ ಎಲ್1-ಎಲ್2 (ಸೊಂಟದ ಮೊದಲೆರಡು ಮೂಳೆ) ಮಟ್ಟದಲ್ಲಿ. ಕಾಲು ಸೆಟೆದಿದ್ದರೆ, ಮೊಣಕಾಲಿನ ರಿಫ್ಲೆಕ್ಸ್ ಜೋರಾಗಿದ್ದರೆ ತೊಂದರೆ ಹುರಿಯಲ್ಲಿ, ಅಂದರೆ ಎದೆಯ ಹಿಂದೆಯೋ ಕುತ್ತಿಗೆಯಲ್ಲೋ ಇರುತ್ತದೆ. ಸೊಂಟದ ಸ್ಕ್ಯಾನ್‌ನಲ್ಲಿ ಒಂದೆರಡು ಡಿಸ್ಕ್ ಉಬ್ಬಿರುವುದು ನೋವೇ ಇಲ್ಲದವರಲ್ಲೂ ಸಾಮಾನ್ಯ. ಆ ಉಬ್ಬಿನ ಮೇಲೆ ಗೂಬೆ ಕೂರಿಸಿದರೆ ನಿಜವಾದ ಒತ್ತಡ ಮೇಲೆ ಹಾಗೆಯೇ ಉಳಿಯುತ್ತದೆ.

ಚದುರಂಗದ ಮನೆಗಳನ್ನು ತೋರಿಸಿ ಮಿದುಳಿನ ಅಲೆ ಅಳೆಯುವ, ಕಣ್ಣಿನ ನರಕ್ಕೆ ಮಾಡುವ ವಿಇಪಿ ಬಗ್ಗೆ ಒಂದೇ ಮಾತು: ಕನ್ನಡಕ ಇದ್ದವರು ಹಾಕಿಕೊಂಡೇ ಕೂರಬೇಕು. ಚದುರಂಗದ ಮನೆಗಳು ಮಸುಕಾಗಿ ಕಂಡರೆ, ಇಲ್ಲವೇ ನಡುವೆ ತೂಕಡಿಸಿದರೆ, 100 ಮಿಲಿಸೆಕೆಂಡ್ ಹೊತ್ತಿಗೆ ಬರಬೇಕಾದ ಅಲೆ ಸುಮ್ಮನೆ ತಡವಾಗುತ್ತದೆ.

ಬೆನ್ನಿನಿಂದ ನೀರು ತೆಗೆಯುವುದು

ಹೆದರಿಕೆಗೆ ಹೋಲಿಸಿದರೆ ಲಾಭ ಬಹಳ ಹೆಚ್ಚಿರುವ ಪರೀಕ್ಷೆ ಇದು. ಸೂಜಿ ಹೋಗುವುದು ಎಲ್3-4 ಅಥವಾ ಎಲ್4-5 ನಡುವೆ, ಅಲ್ಲಿ ಬೆನ್ನುಹುರಿಯೇ ಇಲ್ಲ. ಮಿದುಳು, ಬೆನ್ನುಹುರಿಯ ಸುತ್ತಲಿರುವ ಈ ದ್ರವವನ್ನು ದೇಹ ದಿನಕ್ಕೆ ಸುಮಾರು 500 ಮಿಲಿಲೀಟರ್ ತಯಾರಿಸುತ್ತದೆ, ತೆಗೆದ 10 ಮಿಲಿಲೀಟರ್ ಅರ್ಧ ಗಂಟೆಯಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ತಲೆನೋವು ಬರುವುದು ರಂಧ್ರದಿಂದ ದ್ರವ ಸೋರುವುದರಿಂದ; ಅಂಚು ಕತ್ತರಿಸದ ಮೊಂಡು ತುದಿಯ ಅಟ್ರಾಮ್ಯಾಟಿಕ್ ಸೂಜಿ ಬಳಸಿದರೆ ಅದು ಗಣನೀಯವಾಗಿ ಇಳಿಯುತ್ತದೆ. ಹಾಸಿಗೆಯಲ್ಲಿ ದಿನವಿಡೀ ಅಂಗಾತ ಮಲಗಿಸುವುದರಿಂದ ಇಳಿಯುವುದಿಲ್ಲ.

ಬಹುಪಾಲು ತಪ್ಪು ನಡೆಯುವುದು ಸೂಜಿ ಹೊರಬಂದ ಮೇಲೆ. ಮಾದರಿ ಒಂದು ಗಂಟೆಯೊಳಗೆ ಲ್ಯಾಬ್ ಸೇರದಿದ್ದರೆ ಬಿಳಿಕಣಗಳು ಒಡೆದು ಎಣಿಕೆ ಇಳಿಯುತ್ತದೆ. ಅದೇ ಹೊತ್ತಿನ ರಕ್ತದ ಸಕ್ಕರೆ ನೋಡದಿದ್ದರೆ ದ್ರವದ ಸಕ್ಕರೆಗೆ ಅರ್ಥವಿಲ್ಲ, ಅದು ರಕ್ತದ ಸುಮಾರು 60 ಶೇಕಡಾ ಇರಬೇಕು. ಆಲಿಗೊಕ್ಲೋನಲ್ ಬ್ಯಾಂಡ್ (ದ್ರವದಲ್ಲಿನ ಪ್ರತಿಕಾಯಗಳ ಗುರುತು) ಕೇಳಿದ್ದರೆ ರಕ್ತದ ಮಾದರಿಯೂ ಜೊತೆಗೆ ಹೋಗಬೇಕು. ಕ್ಷಯದ ಮೆನಿಂಜೈಟಿಸ್ ಶಂಕೆಯಿದ್ದರೆ ಒಂದೆರಡು ಮಿಲಿಲೀಟರ್ ಕಳಿಸಿ ‘ಸಿಗಲಿಲ್ಲ’ ಎನ್ನುವುದು ವ್ಯರ್ಥ. ದ್ರವ ಹೆಚ್ಚಿದ್ದಷ್ಟೂ ಸಿಗುವ ಸಾಧ್ಯತೆ ಹೆಚ್ಚು. ಒತ್ತಡ ಅಳೆಯುವುದಾದರೆ ಪಕ್ಕಕ್ಕೆ ಮಲಗಿಸಿಯೇ ಅಳೆಯಬೇಕು, ಕೂರಿಸಿ ಅಳೆದ ಅಂಕಿ ಲೆಕ್ಕಕ್ಕಿಲ್ಲ. ದೊಡ್ಡವರಲ್ಲಿ 25 ಸೆಂಟಿಮೀಟರ್ ನೀರಿನ ಮಟ್ಟ ಮೇಲಿನ ಮಿತಿ.

ಗಿಲ್ಲೆನ್ ಬಾರೆಯಲ್ಲಿ ಪ್ರೋಟೀನ್ ಏರಿ ಕಣಗಳು ಏರದಿರುವುದು ಪಠ್ಯದ ಚಿತ್ರ. ಮೊದಲ ವಾರದಲ್ಲಿ ಪ್ರೋಟೀನ್ ಕೂಡ ಸರಿಯಿರಬಹುದು ಎಂಬುದನ್ನು ಮರೆತು ಚಿಕಿತ್ಸೆ ತಡಮಾಡಬಾರದು.

ಸಿಪಿಕೆ, ಬಯಾಪ್ಸಿ, ಜೀನ್ ಪರೀಕ್ಷೆ

ಸ್ನಾಯು ಕಾಯಿಲೆಯಲ್ಲಿ ಕಮ್ಮಿ ಖರ್ಚಿಗೆ ಹೆಚ್ಚು ಮಾಹಿತಿ ಕೊಡುವುದು ರಕ್ತದ ಸಿಪಿಕೆ. ಜಿಮ್‌ನಲ್ಲಿ ಬೆವರಿಳಿಸಿದ ಮರುದಿನವೋ, ಸ್ನಾಯುವಿಗೆ ಇಂಜೆಕ್ಷನ್ ತೆಗೆದುಕೊಂಡ ಮೇಲೋ ಮಾಡಿಸಿದರೆ ಸುಳ್ಳೇ ಏರಿರುತ್ತದೆ. ಇಎಮ್‌ಜಿ ಸೂಜಿಯಿಂದಲೂ ಸ್ವಲ್ಪ ಏರುತ್ತದೆ, ಹಾಗಾಗಿ ರಕ್ತ ಮೊದಲು, ಸೂಜಿ ಆಮೇಲೆ. ಸ್ನಾಯು ಸವೆಯುತ್ತಾ ಹೋಗುವ ಆನುವಂಶಿಕ ಡುಶೆನ್ ಕಾಯಿಲೆಯ ಹುಡುಗರಲ್ಲಿ ಇದು ಸಾವಿರಗಟ್ಟಲೆ ಇರುತ್ತದೆ. ಅವರಲ್ಲಿ ಎಎಸ್‌ಟಿ, ಎಎಲ್‌ಟಿ ಕೂಡ ಏರಿರುವುದರಿಂದ ಲಿವರ್ ಕಾಯಿಲೆ ಎಂದು ತಿಂಗಳುಗಟ್ಟಲೆ ಅಲೆದಾಡಿಸುವುದುಂಟು. ಎರಡೂ ಎಂಜೈಮ್ ಸ್ನಾಯುವಿನಲ್ಲೂ ಇವೆ. ಲಿವರ್‌ನ ಇನ್ನೊಂದು ಎಂಜೈಮ್ ಜಿಜಿಟಿ ಸರಿಯಿದ್ದು ಇವೆರಡೇ ಏರಿದ್ದರೆ ಸಿಪಿಕೆ ಬರೆಯದೆ ಲಿವರ್ ಬಯಾಪ್ಸಿ ಮಾತೆತ್ತಬಾರದು.

ಸ್ನಾಯು ಬಯಾಪ್ಸಿಗೆ ಮಧ್ಯಮವಾಗಿ ಸೋತ ಸ್ನಾಯು ಬೇಕು. ತೀರಾ ಒಣಗಿದ್ದರಲ್ಲಿ ಬರೀ ಕೊಬ್ಬು, ನಾರು ಸಿಗುತ್ತದೆ. ಇಎಮ್‌ಜಿ ಸೂಜಿ ಹೋದ ಸ್ನಾಯುವನ್ನು ಬಿಟ್ಟು ಎದುರು ಬದಿಯದನ್ನು ತೆಗೆಯಬೇಕು. ಚೂರನ್ನು ಸಲೈನ್‌ನಲ್ಲಿ ಮುಳುಗಿಸಿದರೆ ಮಂಜಿನ ಹರಳು ಕಟ್ಟಿ ತೂತು ತೂತಾಗುತ್ತದೆ. ಒದ್ದೆ ಮಾಡಿ ಹಿಂಡಿದ ಗಾಜ್‌ನಲ್ಲಿಟ್ಟು ಒಯ್ದು, ದ್ರವ ಸಾರಜನಕದಿಂದ ತಣಿಸಿದ ಐಸೋಪೆಂಟೇನ್‌ನಲ್ಲಿ ಕ್ಷಣದಲ್ಲಿ ಹೆಪ್ಪುಗಟ್ಟಿಸಬೇಕು. ಇಡೀ ಚೂರನ್ನು ಫಾರ್ಮಲಿನ್‌ಗೆ ಹಾಕಿ ಕಳಿಸಿದರೆ ಎಂಜೈಮ್ ಬಣ್ಣಗಳು ಒಂದೂ ಆಗುವುದಿಲ್ಲ, ಕತ್ತರಿಸಿಕೊಂಡದ್ದು ದಂಡ. ಈ ವ್ಯವಸ್ಥೆ ಇಲ್ಲದ ಕಡೆ ಬಯಾಪ್ಸಿ ಮಾಡಿಸಲೇಬೇಡಿ.

ಈಗ ಅನೇಕ ಕಾಯಿಲೆಗಳಿಗೆ ಬಯಾಪ್ಸಿಗಿಂತ ಮೊದಲು ಜೀನ್ ಪರೀಕ್ಷೆ ಬರುತ್ತದೆ. ಡುಶೆನ್‌ಗೆ ಮೊದಲು ಎಂಎಲ್‌ಪಿಎ (ಜೀನಿನ ತುಂಡುಗಳನ್ನು ಎಣಿಸುವ ಪರೀಕ್ಷೆ), ಏಕೆಂದರೆ ಹೆಚ್ಚಿನವರಲ್ಲಿ ಜೀನಿನ ಒಂದು ಭಾಗವೇ ಕಾಣೆಯಾಗಿಯೋ ಎರಡಾಗಿಯೋ ಇರುತ್ತದೆ. ಅದರಲ್ಲಿ ಸಿಗದಿದ್ದರೆ ಜೀನಿನ ಅಕ್ಷರಗಳನ್ನು ಒಂದೊಂದಾಗಿ ಓದುವ ಸೀಕ್ವೆನ್ಸಿಂಗ್. ಬೆನ್ನುಹುರಿಯ ನರಕೋಶಗಳು ಸತ್ತು ಸ್ನಾಯು ಸೊರಗುವ ಎಸ್‌ಎಂಎಗೆ ಎಸ್‌ಎಂಎನ್1 ಜೀನಿನ 7ನೆಯ ಎಕ್ಸಾನ್ (ಜೀನಿನ ಒಂದು ತುಂಡು) ನೋಡಿದರೆ ಸುಮಾರು 95 ಶೇಕಡಾ ಜನರಲ್ಲಿ ಉತ್ತರ ಸಿಗುತ್ತದೆ. ಇವೆಲ್ಲ ಬಿಟ್ಟು ನೇರವಾಗಿ ಎಕ್ಸೋಮ್ (ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ಓದುವ ಪರೀಕ್ಷೆ) ಮಾಡಿಸಿ ‘ಎಲ್ಲ ಜೀನೂ ನೋಡಿಯಾಯಿತು’ ಎಂದುಕೊಳ್ಳುವುದು ತಪ್ಪು. ಅಕ್ಷರಗಳ ಒಂದೇ ತುಣುಕು ಮತ್ತೆ ಮತ್ತೆ ಬೆಳೆದು ಬರುವ ಕಾಯಿಲೆಗಳನ್ನು ಸಾಮಾನ್ಯ ಎಕ್ಸೋಮ್ ಹಿಡಿಯುವುದಿಲ್ಲ. ಬಿಗಿದ ಮುಷ್ಟಿ ತಕ್ಷಣ ಬಿಚ್ಚಲಾಗದೆ ತಡವಾಗುತ್ತಿದ್ದರೆ, ಚಿಕ್ಕ ವಯಸ್ಸಿಗೇ ಕಣ್ಣಿಗೆ ಪೊರೆ ಬಂದಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಹೀಗೇ ಇದ್ದರೆ, ಮಯೊಟೋನಿಕ್ ಡಿಸ್ಟ್ರೊಫಿಗೆಂದೇ ಇರುವ ರಿಪೀಟ್ ಪರೀಕ್ಷೆಯನ್ನು ಹೆಸರು ಹೇಳಿ ಬರೆಸಿಕೊಳ್ಳಬೇಕು; ಅದು ಎಕ್ಸೋಮ್‌ಗಿಂತ ಅಗ್ಗ. ಜೊತೆಗೊಂದು ಇಸಿಜಿಯನ್ನೂ ಮಾಡಿಸಿ, ಆ ಕಾಯಿಲೆ ಹೃದಯದ ಬಡಿತವನ್ನೂ ಮುಟ್ಟುತ್ತದೆ.